1870ರಲ್ಲಿ ಸಿಕ್ಕ ಮತದಾನದ ಹಕ್ಕಿಗಾಗಿ 1965ರಲ್ಲಿ ಯಾಕೆ ಏಟು ತಿನ್ನಬೇಕಾಯಿತು?

ಪ್ರಶ್ನೆ: ಮಗಳಿಗೆ ಇತಿಹಾಸ ಓದಿಸುವಾಗ ಗೊಂದಲವಾಯಿತು. ಅಮೆರಿಕದ ಕಪ್ಪು ಜನರಿಗೆ 1870ರಲ್ಲಿ ಮತದಾನದ ಹಕ್ಕು ಸಿಕ್ಕಿತು ಎಂದು ಒಂದು ಕಡೆ ಇದೆ. 1965ರಲ್ಲಿ ಸಿಕ್ಕಿತು ಎಂದು ಇನ್ನೊಂದು ಕಡೆ ಇದೆ. ಯಾವುದು ಸರಿ? 1920ರಲ್ಲಿ ಮಹಿಳೆಯರಿಗೆ ಹಕ್ಕು ಬಂದಾಗ ಕಪ್ಪು ಮಹಿಳೆಯರಿಗೂ ಬಂತೇ? ಇನ್ನೊಂದು ಸಣ್ಣ ವಿಷಯ. ಹ್ಯೂಸ್ಟನ್‌ನಲ್ಲಿರುವ ನನ್ನ ತಮ್ಮನಿಗೆ ಈಚೆಗೆ ಅಲ್ಲಿನ ಪೌರತ್ವ ಸಿಕ್ಕಿತು. ಮತದಾರರ ಪಟ್ಟಿಗೆ ತಾನೇ ಹೆಸರು ಬರೆಸಬೇಕು ಎನ್ನುತ್ತಾನೆ. ಹೌದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ. ಅವರ ಮಾತಿನಿಂದಲೇ ಶುರು ಮಾಡುತ್ತೇನೆ. ಉಳಿದ ಎರಡು ಪ್ರಶ್ನೆಗಳಿಗೂ ಬೀಗದ ಕೈ ಅಲ್ಲೇ ಇದೆ.

ನಮ್ಮಲ್ಲಿ ಮತದಾರರ ಪಟ್ಟಿ ಮಾಡುವುದು ಚುನಾವಣಾ ಆಯೋಗದ ಕೆಲಸ. ಮೊದಲ ಮಹಾಚುನಾವಣೆಗೆ ಮುಂಚೆಯೇ ನೌಕರರು ಮನೆ ಮನೆಗೆ ಹೋಗಿ ಹೆಸರು ಬರೆದುಕೊಂಡರು. ಹಾಗೆ 17 ಕೋಟಿಗೂ ಜಾಸ್ತಿ ಜನ ಪಟ್ಟಿಗೆ ಸೇರಿದರು. ಅಮೆರಿಕದಲ್ಲಿ ಇಡೀ ದೇಶಕ್ಕೆ ಇಂಥ ಒಂದು ಆಯೋಗ ಪಟ್ಟಿ ಮಾಡುವುದಿಲ್ಲ. ನಿಯಮ ರಾಜ್ಯದ್ದು. ಹೆಸರು ಬರೆದುಕೊಳ್ಳುವುದು ಹೆಚ್ಚಿನ ಕಡೆ ಕೌಂಟಿ ಕಚೇರಿ. ಕೌಂಟಿ ಎಂದರೆ ನಮ್ಮ ತಾಲ್ಲೂಕು, ಜಿಲ್ಲೆ ಇದ್ದ ಹಾಗೆ. ಅಲ್ಲಿಗೆ ಹೋಗಿ ಹೆಸರು ಬರೆಸುವ ಹೊಣೆ ಹಿಂದಿನಿಂದಲೂ ಮತದಾರನದೇ. ಈಗ ಕೆಲವು ರಾಜ್ಯಗಳು ತಾವಾಗಿಯೇ ಸೇರಿಸಿಕೊಳ್ಳುತ್ತವೆ. ನಿಮ್ಮ ತಮ್ಮ ಇರುವ ಟೆಕ್ಸಾಸ್ ಆ ಸಾಲಿನಲ್ಲಿ ಇಲ್ಲ.

ಅಂದರೆ ಸಂವಿಧಾನಕ್ಕೂ ಮತಪೆಟ್ಟಿಗೆಗೂ ನಡುವೆ ಒಂದು ಮೇಜು ಇತ್ತು. ಅದರ ಹಿಂದೆ ಊರಿನವನೇ ಆದ ಒಬ್ಬ ರಿಜಿಸ್ಟ್ರಾರ್ ಕೂತಿರುತ್ತಿದ್ದ. ಅವನು ಬರೆದುಕೊಂಡರೆ ನೀವು ಮತದಾರ, ಇಲ್ಲದಿದ್ದರೆ ಇಲ್ಲ. ನಿಮ್ಮ ಎರಡೂ ಪುಸ್ತಕಗಳು ಸರಿಯಾಗಿಯೇ ಹೇಳಿವೆ. 1870ರಲ್ಲಿ ಹಕ್ಕು ಸಂವಿಧಾನಕ್ಕೆ ಬಂತು. ದಕ್ಷಿಣದ ರಾಜ್ಯಗಳಲ್ಲಿ ಅದು ಆ ಮೇಜು ದಾಟಿದ್ದು 1965ರಲ್ಲಿ.

1870ರ ಹದಿನೈದನೇ ತಿದ್ದುಪಡಿಯನ್ನು ನಿಧಾನವಾಗಿ ಓದಿ ನೋಡಿ. ಎಲ್ಲರಿಗೂ ಮತದಾನದ ಹಕ್ಕಿದೆ ಎಂದು ಅದು ಹೇಳುವುದಿಲ್ಲ. ಜನಾಂಗ, ಬಣ್ಣ, ಹಿಂದೆ ಗುಲಾಮನಾಗಿದ್ದ ಎಂಬ ಕಾರಣಕ್ಕೆ ಹಕ್ಕನ್ನು ತಡೆಯಬಾರದು ಎನ್ನುತ್ತದೆ. ಬಾಗಿಲು ಹಾಕಲು ಈ ಮೂರು ಕಾರಣ ಹೇಳುವಂತಿಲ್ಲ, ಅಷ್ಟೇ. ಬೇರೆ ಕಾರಣ ಹುಡುಕಿಕೊಂಡರೆ? ಆ ಪ್ರಶ್ನೆಗೆ ತಿದ್ದುಪಡಿಯಲ್ಲಿ ಉತ್ತರ ಇರಲಿಲ್ಲ.

ಆದರೂ ಮೊದಲ ಕೆಲವು ವರ್ಷ ಅದು ಕೆಲಸ ಮಾಡಿತು. ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರಕ್ಕೂ ದಕ್ಷಿಣಕ್ಕೂ ನಡೆದ ಅಂತರ್ಯುದ್ಧ ಮುಗಿದಿತ್ತು. ಸೋತ ದಕ್ಷಿಣದಲ್ಲಿ ಕೇಂದ್ರದ ಸೈನ್ಯ ಇತ್ತು. ಆ ಸೈನ್ಯದ ಕಾವಲಿನಲ್ಲಿ, ತಿದ್ದುಪಡಿಗೂ ಮುಂಚೆ, 1867ರಿಂದಲೇ ಕಪ್ಪು ಗಂಡಸರು ದೊಡ್ಡ ಸಂಖ್ಯೆಯಲ್ಲಿ ಹೆಸರು ಬರೆಸಿದರು, ಮತ ಹಾಕಿದರು, ಗೆದ್ದರು ಕೂಡ. 1870ರಲ್ಲಿ ಮಿಸಿಸಿಪ್ಪಿಯ ಹೈರಮ್ ರೆವೆಲ್ಸ್ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರಾದರು. ಅದೇ ವರ್ಷ ದಕ್ಷಿಣ ಕ್ಯಾರೊಲೈನಾದ ಜೋಸೆಫ್ ರೇನಿ ಕೆಳಮನೆಗೆ ಹೋದರು. ರೇನಿ ಹುಟ್ಟುವಾಗ ಗುಲಾಮ. ಒಂದೇ ಜೀವಮಾನದಲ್ಲಿ ಇಷ್ಟು ದೂರ! ಪಾಠಪುಸ್ತಕಗಳು ಈ ಹತ್ತು ವರ್ಷಗಳನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ಅದು ತುಂಬ ಬೇಸರದ ವಿಷಯ. ಕಪ್ಪು ಜನ ಆಳಲು ಇನ್ನೂ ತಯಾರಿರಲಿಲ್ಲ ಎಂಬ ಸುಳ್ಳು ಹುಟ್ಟಿಕೊಂಡದ್ದು ಈ ವರ್ಷಗಳನ್ನು ಮರೆಸಿಯೇ.

ಕಪ್ಪು ಜನ ಗೆಲ್ಲುವುದನ್ನು ಸಹಿಸದವರು ಮೊದಲು ಬಂದೂಕು ಹಿಡಿದರು. 1873ರ ಈಸ್ಟರ್ ಭಾನುವಾರ ಲೂಯಿಸಿಯಾನಾದ ಕೋಲ್‌ಫ್ಯಾಕ್ಸ್ ಎಂಬ ಊರಲ್ಲಿ ಹತ್ತಾರು ಕಪ್ಪು ಜನರನ್ನು ಕೊಂದರು. ಹಲವರು ಶರಣಾದ ಮೇಲೆ ಸತ್ತವರು. ಕೊಂದ ಕೆಲವರಿಗೆ ಕೆಳ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಿತ್ತು. 1876ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಆ ವರ್ಷದ ಅಧ್ಯಕ್ಷರ ಚುನಾವಣೆಯ ಫಲಿತಾಂಶ ವಿವಾದಕ್ಕೆ ಬಿತ್ತು. 1877ರಲ್ಲಿ ಎರಡು ಪಕ್ಷಗಳ ನಡುವೆ ರಾಜಿಯಾಯಿತು. ದಕ್ಷಿಣದ ರಾಜ್ಯ ಸರ್ಕಾರಗಳಿಗೆ ಕಾವಲಿದ್ದ ಸೈನ್ಯವನ್ನು ಹಿಂದೆ ಕರೆಸಿಕೊಂಡರು.

ಬಂದೂಕಿನ ಹಿಂದೆಯೇ ಕಾಗದ ಬಂತು. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ. 1890ರಲ್ಲಿ ಮಿಸಿಸಿಪ್ಪಿ ಹೊಸದೊಂದು ಮಾಡಿತು. ಸಭೆಯಲ್ಲಿದ್ದ 134 ಪ್ರತಿನಿಧಿಗಳಲ್ಲಿ ಕಪ್ಪು ಮನುಷ್ಯ ಒಬ್ಬನೇ. ಅವರು ಬರೆದ ನಿಯಮಗಳಲ್ಲಿ ಬಣ್ಣದ ಮಾತೇ ಇಲ್ಲ. ಮತ ಹಾಕುವವನು ವರ್ಷಕ್ಕೆ 2 ಡಾಲರ್ ತಲೆಗಂದಾಯ ಕಟ್ಟಿರಬೇಕು. ರಾಜ್ಯದ ಸಂವಿಧಾನದ ಯಾವುದಾದರೂ ವಿಧಿಯನ್ನು ಓದಬೇಕು, ಅಥವಾ ಓದಿ ಹೇಳಿದಾಗ ಅರ್ಥ ವಿವರಿಸಬೇಕು. ವಿವರಣೆ ಸರಿಯೇ ತಪ್ಪೇ ಎಂದು ಹೇಳುವವನು ಮೇಜಿನ ಹಿಂದಿನ ಆ ರಿಜಿಸ್ಟ್ರಾರ್. ಬಿಳಿಯನಿಗೆ ಸುಲಭದ ಸಾಲು ಕೊಡಬಹುದು. ಕಪ್ಪು ಮನುಷ್ಯನಿಗೆ ವಕೀಲರೂ ತಡವರಿಸುವ ಸಾಲು ಕೊಡಬಹುದು. ಹೀಗೆ ಮಾಡಬಾರದು ಎಂದು ಕೇಸು ಹಾಕಿದರೆ 1898ರಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತೇ? ನಿಯಮದಲ್ಲಿ ಬಣ್ಣದ ಮಾತಿಲ್ಲವಲ್ಲ, ಹಾಗಾಗಿ ತಪ್ಪಿಲ್ಲ ಎಂದಿತು.

ಅದೇ ವರ್ಷ ಲೂಯಿಸಿಯಾನಾ ಇನ್ನೊಂದು ಉಪಾಯ ಮಾಡಿತು. ಓದು ಬಾರದ, ಆಸ್ತಿಯಿಲ್ಲದ ಬಡ ಬಿಳಿಯರೂ ಇದ್ದರಲ್ಲ, ಅವರನ್ನು ಉಳಿಸಿಕೊಳ್ಳಬೇಕಿತ್ತು. 1867ರ ಜನವರಿ 1ಕ್ಕೆ ಮುಂಚೆ ಯಾರಿಗೆ ಮತದಾನದ ಹಕ್ಕಿತ್ತೋ ಅವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಈ ಪರೀಕ್ಷೆಗಳಿಲ್ಲ ಎಂದರು. ಜನ ಇದನ್ನು ತಾತನ ಷರತ್ತು ಎಂದು ಕರೆದರು. ಗುಲಾಮನಾಗಿದ್ದ ತಾತ 1867ಕ್ಕೆ ಮುಂಚೆ ಎಲ್ಲಿ ಮತ ಹಾಕಿದ್ದಾನು? ಆ ರಾಜ್ಯದಲ್ಲಿ 1896ರಲ್ಲಿ 1,30,000ಕ್ಕೂ ಹೆಚ್ಚು ಕಪ್ಪು ಮತದಾರರಿದ್ದರು. 1904ರಲ್ಲಿ ಉಳಿದವರು ಸುಮಾರು 1,300.

ಅಲಬಾಮಾದಲ್ಲಿ ತಲೆಗಂದಾಯ ವರ್ಷಕ್ಕೆ ಒಂದೂವರೆ ಡಾಲರ್. ಕಟ್ಟದ ವರ್ಷಗಳ ಬಾಕಿ ಕೂಡುತ್ತಾ ಹೋಗುತ್ತಿತ್ತು. ಪಾಲಿಗೆ ಹತ್ತಿ ಬೆಳೆದು, ಧಣಿಯ ಅಂಗಡಿಯಲ್ಲೇ ಸಾಲ ಮಾಡಿ ಬದುಕುವ ರೈತನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು ಹೇಳಿ.

ಇಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯಲೇಬೇಕು. 1941ರ ಹೊತ್ತಿಗೆ ಅವರು ಅಮೆರಿಕದ ದಕ್ಷಿಣದಲ್ಲಿ ಪ್ರಯಾಣ ಮಾಡುತ್ತಿದ್ದರು. ಲೂಯಿಸಿಯಾನಾದಲ್ಲಿ ರೈಲಿನ ಟಿಕೆಟ್ ಕಲೆಕ್ಟರ್ ಬಂದು ಬಿಳಿಯರ ಜಾಗ ಬಿಟ್ಟು ಏಳಿ ಎಂದ. ಅವರು ಏಳಲಿಲ್ಲ. ಆಮೇಲೆ ಅವರು ಕಪ್ಪು ಜನಾಂಗದವರಲ್ಲ, ಪರದೇಶದವರು ಎಂದು ಅವನಿಗೆ ಅನುಮಾನ ಬಂತು, ಯಾವ ದೇಶ ಎಂದು ಕೇಳಿದ. ಭಾರತ ಎಂದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಆ ದಾರಿ ಹಿಡಿಯದೆ, ತಾನೂ ಬಣ್ಣದ ಹೆಂಗಸೇ, ಇಲ್ಲಿಂದ ಏಳುವುದಿಲ್ಲ ಎಂದರು. 1926ರಲ್ಲೇ ಮದರಾಸು ವಿಧಾನ ಪರಿಷತ್ತಿಗೆ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತವರು ಅವರು. ಮತದ ಬೆಲೆ ಗೊತ್ತಿದ್ದ ಹೆಂಗಸು.

ಈಗ ನಿಮ್ಮ ಎರಡನೇ ಪ್ರಶ್ನೆ, ಮಹಿಳೆಯರದು. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್‌ನಲ್ಲಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್, ಲುಕ್ರೀಷಿಯಾ ಮಾಟ್ ಮೊದಲಾದವರು ಸಭೆ ಸೇರಿದರು. ಹೆಂಗಸರಿಗೂ ಮತ ಬೇಕು ಎಂಬ ನಿರ್ಣಯ ಅಲ್ಲಿ ಬಂತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ ಎದ್ದುನಿಂತು ಅದನ್ನು ಬೆಂಬಲಿಸಿದರು. ಇಷ್ಟು ಹತ್ತಿರದವರು ಹದಿನೈದನೇ ತಿದ್ದುಪಡಿ ಬಂದಾಗ ಒಡೆದು ಹೋದರು. ಅದರಲ್ಲಿ ಕಪ್ಪು ಗಂಡಸರಿಗೆ ಜಾಗ ಇತ್ತು, ಯಾವ ಹೆಂಗಸಿಗೂ ಇರಲಿಲ್ಲ. ಸ್ಟ್ಯಾಂಟನ್ ಮತ್ತು ಅವರ ಜೊತೆಗಾರ್ತಿ ಸೂಸನ್ ಆಂಟನಿ ವಿರೋಧಿಸಿದರು. ಆ ಸಿಟ್ಟಿನಲ್ಲಿ ಸ್ಟ್ಯಾಂಟನ್ ಕಪ್ಪು ಗಂಡಸರ ಬಗ್ಗೆ ಆಡಿದ ಮಾತುಗಳು ಓದಲು ನೋವಾಗುವಂಥವು. ನಾನು ಅವರ ಹೋರಾಟವನ್ನು ಗೌರವಿಸುತ್ತೇನೆ. ಆ ಮಾತುಗಳನ್ನು ಮುಚ್ಚಿಡುವುದು ಮಾತ್ರ ಸರಿಯಲ್ಲ.

ಆಂಟನಿ 1872ರಲ್ಲಿ ರಾಚೆಸ್ಟರ್‌ನಲ್ಲಿ ಮತ ಹಾಕಿಯೇಬಿಟ್ಟರು. ಅವರನ್ನು ಬಂಧಿಸಿ 100 ಡಾಲರ್ ದಂಡ ಹಾಕಿದರು. ಅವರು ಅದನ್ನು ಕೊನೆಗೂ ಕಟ್ಟಲಿಲ್ಲ. ಆಮೇಲೆ ಇನ್ನೂ ಸುಮಾರು ಐವತ್ತು ವರ್ಷ ಬೇಕಾಯಿತು. 1913ರಲ್ಲಿ ವಾಷಿಂಗ್ಟನ್‌ನಲ್ಲಿ ದೊಡ್ಡ ಮೆರವಣಿಗೆ ನಡೆದಾಗ ಕಪ್ಪು ಹೆಂಗಸರು ಹಿಂದೆ ಬರಲಿ ಎಂಬ ಮಾತು ಬಂತು. ಪತ್ರಕರ್ತೆ ಐಡಾ ಬಿ. ವೆಲ್ಸ್ ಒಪ್ಪಲಿಲ್ಲ. ದಾರಿಬದಿಯ ಜನರ ನಡುವೆ ನಿಂತಿದ್ದು, ಇಲಿನಾಯ್ ರಾಜ್ಯದ ತಂಡ ಬಂದ ಕೂಡಲೇ ಒಳಗೆ ಸೇರಿಕೊಂಡು ನಡೆದರು. 1920ರ ಆಗಸ್ಟ್ 18ರಂದು ಬೇಕಿದ್ದ ಕೊನೆಯ ರಾಜ್ಯವಾಗಿ ಟೆನೆಸ್ಸಿ ಒಪ್ಪಿದ ಮೇಲೆ, ಹೆಂಗಸರಿಗೆ ಮತ ಕೊಡುವ ಹತ್ತೊಂಬತ್ತನೇ ತಿದ್ದುಪಡಿ ಜಾರಿಗೆ ಬಂತು. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿದವನು ಹ್ಯಾರಿ ಬರ್ನ್ ಎಂಬ 24 ವರ್ಷದ ಶಾಸಕ. ಹೆಂಗಸರ ಪರ ಮತ ಹಾಕು ಎಂದು ಅಮ್ಮ ಬರೆದ ಕಾಗದ ಅವನ ಜೇಬಿನಲ್ಲಿ ಇತ್ತು.

ಕಪ್ಪು ಮಹಿಳೆಯರಿಗೂ ಅವತ್ತೇ ಹಕ್ಕು ಬಂತು, ಕಾಗದದ ಮೇಲೆ. ಉತ್ತರದ ನಗರಗಳಲ್ಲಿ ಅವರು ಮತ ಹಾಕಿದರು ಕೂಡ. ದಕ್ಷಿಣದಲ್ಲಿ ಅದೇ ಮೇಜು, ಅದೇ ಪರೀಕ್ಷೆ. 1920ರ ನವೆಂಬರ್ 2ರಂದು ಹೊಸ ತಿದ್ದುಪಡಿ ಬಂದ ಮೇಲಿನ ಮೊದಲ ಅಧ್ಯಕ್ಷೀಯ ಚುನಾವಣೆ ನಡೆಯಿತು. ಆ ದಿನ ಫ್ಲೋರಿಡಾದ ಒಕೋಯಿಯಲ್ಲಿ ಮೋಸ್ ನಾರ್ಮನ್ ಎಂಬ ಕಪ್ಪು ರೈತ ಮತಗಟ್ಟೆಗೆ ಹೋದ. ಅವನನ್ನು ವಾಪಸ್ ಕಳಿಸಿದರು. ಸಂಜೆ ಗುಂಪು ಕಟ್ಟಿ ಅವನನ್ನು ಹುಡುಕಿಕೊಂಡು ಬಂದರು. ಅವನ ಗೆಳೆಯ ಜುಲೈ ಪೆರಿಯನ್ನು ಹಿಡಿದು ನೇಣು ಹಾಕಿದರು. ಕಪ್ಪು ಜನರ ಮನೆಗಳನ್ನು ಸುಟ್ಟರು. ಉಳಿದವರು ಊರು ಬಿಟ್ಟು ಓಡಿದರು. ಹಾಗಾಗಿ 1920 ಎಂದು ಬರೆಯುವಾಗ ನಿಮ್ಮ ಮಗಳು ಈ ಊರಿನ ಹೆಸರನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ.

ಒಂದೊಂದೇ ಗೋಡೆ ಕೆಡವಿದ್ದು ಬಹಳ ಮಟ್ಟಿಗೆ ಕೋರ್ಟಿನಲ್ಲಿ. ತಾತನ ಷರತ್ತು 1915ರಲ್ಲಿ ಬಿತ್ತು. ನಿಮ್ಮ ತಮ್ಮನ ಊರಿನ ಕೇಸು ಇನ್ನೂ ದೊಡ್ಡದು. ಆಗ ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಕ್ಕರೆ ಗೆದ್ದಂತೆಯೇ. ಆ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವ ಪ್ರಾಥಮಿಕ ಚುನಾವಣೆಯಲ್ಲಿ ಬಿಳಿಯರಿಗೆ ಮಾತ್ರ ಅವಕಾಶ. ಪಕ್ಷ ಎಂದರೆ ಖಾಸಗಿ ಕ್ಲಬ್ಬು, ಯಾರನ್ನು ಸೇರಿಸಬೇಕು ಎಂಬುದು ನಮ್ಮಿಷ್ಟ ಎಂದು ವಾದ. ಹ್ಯೂಸ್ಟನ್‌ನ ದಂತವೈದ್ಯ ಲೋನಿ ಸ್ಮಿತ್ ಕೇಸು ಹಾಕಿದರು. ವಕೀಲರು ತರ್ಗುಡ್ ಮಾರ್ಷಲ್. 1944ರಲ್ಲಿ ಗೆದ್ದರು. ಆ ಮಾರ್ಷಲ್ ಮುಂದೆ ಅದೇ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು.

ಇಷ್ಟಾದರೂ ಹಳ್ಳಿಯ ಮೇಜು ಅಲುಗಾಡಲಿಲ್ಲ. ಅದು ಹೇಗಿತ್ತು ಎಂದು ತಿಳಿಯಬೇಕಾದರೆ ಫ್ಯಾನಿ ಲೂ ಹ್ಯಾಮರ್ ಕಥೆ ಕೇಳಬೇಕು.

ಮಿಸಿಸಿಪ್ಪಿಯ ರೂಲ್‌ವಿಲ್ ಎಂಬ ಸಣ್ಣ ಊರು. ಹ್ಯಾಮರ್ ಹತ್ತಿ ಬಿಡಿಸುವ ಕುಟುಂಬದ ಇಪ್ಪತ್ತು ಮಕ್ಕಳಲ್ಲಿ ಕಡೆಯವರು. 1962ರಲ್ಲಿ ಅವರಿಗೆ 44 ವರ್ಷ. ಕಪ್ಪು ಜನರಿಗೆ ಮತದಾನದ ಹಕ್ಕಿದೆ ಎಂಬುದೇ ಅಲ್ಲಿಯವರೆಗೆ ಅವರಿಗೆ ಗೊತ್ತಿರಲಿಲ್ಲ. ಚರ್ಚಿನಲ್ಲಿ ವಿದ್ಯಾರ್ಥಿ ಸಂಘಟನೆಯ ಹುಡುಗರು ಬಂದು ಹೇಳಿದರು. ಆಗಸ್ಟ್ 31ರಂದು 18 ಜನ ಬಸ್ಸಿನಲ್ಲಿ 26 ಮೈಲಿ ದೂರದ ಇಂಡಿಯಾನೋಲಾಕ್ಕೆ ಹೋದರು. ಒಳಗೆ ಬಿಟ್ಟದ್ದು ಒಂದು ಸಲಕ್ಕೆ ಇಬ್ಬರನ್ನು. ಹ್ಯಾಮರ್‌ಗೆ ಬಂದದ್ದು ಕಾನೂನಿನ ಒಂದು ಕ್ಲಿಷ್ಟ ಪರಿಕಲ್ಪನೆಯ ಮೇಲಿನ ವಿಧಿ. ಅವರು ಫೇಲಾದರು. ವಾಪಸ್ ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿ ಚಾಲಕನಿಗೆ ದಂಡ ಹಾಕಿದರು. ಬಸ್ಸಿನ ಬಣ್ಣ ಸರಿಯಿಲ್ಲ ಎಂಬುದೇ ಅಪರಾಧ.

ಮನೆಗೆ ಬಂದರೆ ತೋಟದ ಧಣಿ ಕಾಯುತ್ತಿದ್ದ. ಅರ್ಜಿ ಹಿಂದಕ್ಕೆ ತಗೋ, ಇಲ್ಲದಿದ್ದರೆ ಜಾಗ ಖಾಲಿ ಮಾಡು ಎಂದ. ಹದಿನೆಂಟು ವರ್ಷ ದುಡಿದ ಜಾಗ ಅದು. ಹ್ಯಾಮರ್ ಹೇಳಿದರು: ನಾನು ಹೆಸರು ಬರೆಸಲು ಹೋದದ್ದು ನಿಮಗಾಗಿ ಅಲ್ಲ, ನನಗಾಗಿ. ಅದೇ ರಾತ್ರಿ ಅವರು ಮನೆ ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಅವರು ಉಳಿದುಕೊಂಡಿದ್ದ ಮನೆಯ ಮೇಲೆ ಗುಂಡು ಹಾರಿದವು. ಆದರೂ ಅವರು ಮತ್ತೆ ಪರೀಕ್ಷೆಗೆ ಹೋದರು. 1963ರ ಜನವರಿಯಲ್ಲಿ ಪಾಸಾದರು. ಮತ ಹಾಕಲು ಹೋದರೆ ಎರಡು ವರ್ಷದ ತಲೆಗಂದಾಯದ ರಸೀದಿ ಎಲ್ಲಿ ಎಂದು ಕೇಳಿದರು. ಮತದಾರಳೇ ಅಲ್ಲದವಳು ಎರಡು ವರ್ಷದ ಹಿಂದೆ ರಸೀದಿ ಹೇಗೆ ಮಾಡಿಸಿರುತ್ತಾಳೆ? ಅದೇ ಜೂನ್‌ನಲ್ಲಿ ವಿನೋನಾ ಎಂಬ ಊರಿನ ಜೈಲಿನಲ್ಲಿ ಅವರನ್ನು ಮಲಗಿಸಿ ಹೊಡೆಸಿದರು. ಆ ಪೆಟ್ಟಿನ ನೋವು ಸಾಯುವವರೆಗೂ ಹೋಗಲಿಲ್ಲ. 1964ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿ ಎದುರು ಇದನ್ನೆಲ್ಲ ಹೇಳಿದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಅದೇ ಹೊತ್ತಿಗೆ ಪತ್ರಿಕಾಗೋಷ್ಠಿ ಕರೆದು ಟಿವಿ ಕ್ಯಾಮೆರಾಗಳನ್ನು ತನ್ನ ಕಡೆ ಎಳೆದುಕೊಂಡರು. ರಾತ್ರಿ ಟಿವಿಯವರು ಹ್ಯಾಮರ್ ಮಾತನ್ನು ಮತ್ತೆ ಹಾಕಿದರು. ಇನ್ನೂ ಜಾಸ್ತಿ ಜನ ನೋಡಿದರು.

ಸೆಲ್ಮಾ ಬಗ್ಗೆ ನಿಮ್ಮ ಪುಸ್ತಕದಲ್ಲಿ ಇರುವುದು ಬಹುಶಃ ಸೇತುವೆಯ ಚಿತ್ರ. ಅದಕ್ಕೆ ಮುಂಚಿನದ್ದು ಹೇಳುತ್ತೇನೆ. ಸೆಲ್ಮಾ ಇರುವುದು ಅಲಬಾಮಾದ ಡಲ್ಲಾಸ್ ಕೌಂಟಿಯಲ್ಲಿ. ಅಲ್ಲಿ ಮತದ ವಯಸ್ಸಿನ ಕಪ್ಪು ಜನ ಸುಮಾರು 15,000. 1961ರಲ್ಲಿ ಪಟ್ಟಿಯಲ್ಲಿದ್ದವರು 156. ನೋಂದಣಿ ಕಚೇರಿ ತೆರೆಯುತ್ತಿದ್ದದ್ದು ತಿಂಗಳಿಗೆ ಎರಡು ಸೋಮವಾರ. ಆ ದಿನ ಕೂಲಿ ಬಿಟ್ಟು ಸಾಲಿನಲ್ಲಿ ನಿಂತರೆ ಸಂಜೆಯಾದರೂ ಬಾಗಿಲು ಮುಟ್ಟುವುದಿಲ್ಲ. ಅಮೀಲಿಯಾ ಬಾಯ್ನ್‌ಟನ್ ಎಂಬ ಹೆಂಗಸು ಮತ್ತು ಅವರ ಗಂಡ 1930ರ ದಶಕದಿಂದಲೇ ಇದರ ವಿರುದ್ಧ ಕೆಲಸ ಮಾಡುತ್ತಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಗೆ ಬಂದದ್ದು ಸ್ಥಳೀಯರು ಕರೆದ ಮೇಲೆ.

ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು 1965ರ ಜನವರಿ 22. ಆ ದಿನ ನೂರಕ್ಕೂ ಹೆಚ್ಚು ಕಪ್ಪು ಶಾಲಾ ಮೇಷ್ಟ್ರುಗಳು, ಟೀಚರುಗಳು ಶಾಲೆ ಬಿಟ್ಟ ಮೇಲೆ ಒಳ್ಳೆಯ ಬಟ್ಟೆ ಹಾಕಿಕೊಂಡು ಕೋರ್ಟ್ ಕಟ್ಟಡಕ್ಕೆ ನಡೆದರು. ಊರಿನ ಮಕ್ಕಳಿಗೆ ಓದು ಕಲಿಸುವವರು ಅವರು. ಅವರಿಗೇ ಓದಿನ ಪರೀಕ್ಷೆ. ಷೆರಿಫ್ ಎಂದರೆ ಜನ ಮತ ಹಾಕಿ ಆರಿಸುವ ಕೌಂಟಿಯ ಪೊಲೀಸ್ ಮುಖ್ಯಸ್ಥ. ಅಲ್ಲಿನ ಷೆರಿಫ್ ಜಿಮ್ ಕ್ಲಾರ್ಕ್ ಮತ್ತು ಅವನ ಜನ ದೊಣ್ಣೆಯಿಂದ ತಿವಿದು ಮೆಟ್ಟಿಲಿನಿಂದ ಕೆಳಗೆ ತಳ್ಳಿದರು. ಕೆಲಸ ಹೋಗುವ ಭಯ ಇದ್ದರೂ ಮತ್ತೆ ಹತ್ತಿದರು. ಸರ್ಕಾರಿ ಸಂಬಳ ನಂಬಿ ಬದುಕುವ ಮನೆಗಳಿಗೆ ಆ ಧೈರ್ಯ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ, ಅಲ್ವಾ?

ಫೆಬ್ರವರಿಯಲ್ಲಿ ಪಕ್ಕದ ಮೇರಿಯನ್ ಊರಲ್ಲಿ ಜಿಮ್ಮಿ ಲೀ ಜಾಕ್ಸನ್ ಎಂಬ ಯುವಕನನ್ನು ರಾಜ್ಯದ ಪೊಲೀಸ್ ಒಬ್ಬ ಗುಂಡಿಟ್ಟು ಕೊಂದ. ಅದಾದ ಮೇಲೆಯೇ ರಾಜಧಾನಿ ಮಾಂಟ್‌ಗೊಮರಿಗೆ ನಡೆದು ಹೋಗುವ ತೀರ್ಮಾನ. ಮಾರ್ಚ್ 7ರಂದು ಸುಮಾರು 600 ಜನ ಎಡ್ಮಂಡ್ ಪೆಟಸ್ ಸೇತುವೆ ದಾಟಿದರು. ಆಚೆ ದಡದಲ್ಲಿ ಪೊಲೀಸರು ಕಾದಿದ್ದರು. ಅಶ್ರುವಾಯು, ಲಾಠಿ, ಕುದುರೆಗಳು. ಮುಂದೆ ನಡೆಯುತ್ತಿದ್ದ ಯುವ ನಾಯಕ ಜಾನ್ ಲೂಯಿಸ್ ತಲೆ ಒಡೆಯಿತು. ಬಾಯ್ನ್‌ಟನ್ ಪ್ರಜ್ಞೆ ತಪ್ಪಿ ಬಿದ್ದರು. ಇಡೀ ದೇಶ ಟಿವಿಯಲ್ಲಿ ನೋಡಿತು. ಮಾರ್ಚ್ 25ರಂದು ಮಾಂಟ್‌ಗೊಮರಿ ತಲುಪಿದಾಗ ಜೊತೆಯಲ್ಲಿ ಸುಮಾರು 25,000 ಜನ ಇದ್ದರು.

ಆಗಸ್ಟ್ 6ರಂದು ಜಾನ್ಸನ್ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದರು. ಈ ಕಾಯ್ದೆಯ ಜಾಣ್ಮೆ ಏನು ಗೊತ್ತೇ? ಹಕ್ಕಿದೆ ಎಂದು ಇನ್ನೊಂದು ಸಲ ಸಾರಿ ಸುಮ್ನೆ ಕೂರಲಿಲ್ಲ. ನೇರವಾಗಿ ಆ ಮೇಜಿಗೇ ಕೈ ಹಾಕಿತು. ತಾರತಮ್ಯದ ದಾಖಲೆ ಇರುವ ಕಡೆ ಓದಿನ ಪರೀಕ್ಷೆ ನಿಲ್ಲಿಸಿತು. ಬೇಕಾದ ಕಡೆ ಹೆಸರು ಬರೆದುಕೊಳ್ಳಲು ಕೇಂದ್ರದ ಅಧಿಕಾರಿಗಳನ್ನೇ ಕಳಿಸಿತು. ಇನ್ನೂ ಮುಖ್ಯವಾದದ್ದು ಐದನೇ ಸೆಕ್ಷನ್. ಅಂಥ ಜಾಗಗಳು ಚುನಾವಣೆಯ ಯಾವುದೇ ನಿಯಮ ಬದಲಿಸಬೇಕಾದರೆ ಮೊದಲು ವಾಷಿಂಗ್ಟನ್‌ನ ಒಪ್ಪಿಗೆ ಪಡೆಯಬೇಕಿತ್ತು. ಮುಂಚೆ ಒಂದು ಉಪಾಯದ ವಿರುದ್ಧ ಕೇಸು ಗೆಲ್ಲಲು ವರ್ಷಗಟ್ಟಲೆ ಬೇಕಿತ್ತು. ಅಷ್ಟರಲ್ಲಿ ಹೊಸ ಉಪಾಯ ಬಂದಿರುತ್ತಿತ್ತು. ಈ ಕಾಯ್ದೆ ಬಂದ ಮೇಲೆ ಉಪಾಯ ಮಾಡುವವನೇ ಮೊದಲು ಉತ್ತರ ಕೊಡಬೇಕಾಯಿತು.

ಫಲ ಬೇಗ ಬಂತು. ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ನೋಂದಣಿ ಶೇ. 6.7 ಇದ್ದದ್ದು 1967ರ ಹೊತ್ತಿಗೆ ಶೇ. 59.8 ಆಯಿತು. ತಲೆಗಂದಾಯವೂ 1966ರ ಹೊತ್ತಿಗೆ ಪೂರ್ತಿ ಹೋಯಿತು. ಅದೇ 1966ರಲ್ಲಿ ಸೆಲ್ಮಾದ ಷೆರಿಫ್ ಜಿಮ್ ಕ್ಲಾರ್ಕ್ ಚುನಾವಣೆಯಲ್ಲಿ ಸೋತ. ಅವನನ್ನು ಸೋಲಿಸಿದ್ದು ಅವನು ಮೆಟ್ಟಿಲಿನಿಂದ ತಳ್ಳಿದ ಜನರ ಮತ.

ನಿಮ್ಮ ತಮ್ಮ ಅಲ್ಲಿರುವುದಕ್ಕೂ ಆ ವರ್ಷಕ್ಕೂ ನಂಟಿದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವ ಇಲ್ಲ ಎಂದಿತ್ತು. 1946ರಲ್ಲಿ ಆ ಬಾಗಿಲು ತೆರೆಯಿತು. ಆದರೂ ಭಾರತದಿಂದ ವರ್ಷಕ್ಕೆ ಬರಬಹುದಾದವರು ನೂರು ಜನ ಮಾತ್ರ. 1965ರ ಅಕ್ಟೋಬರ್‌ನಲ್ಲಿ, ಮತದಾನ ಕಾಯ್ದೆಯಾದ ಎರಡು ತಿಂಗಳಿಗೆ, ಜಾನ್ಸನ್ ಹೊಸ ವಲಸೆ ಕಾಯ್ದೆಗೂ ಸಹಿ ಹಾಕಿದರು. ಕಪ್ಪು ಜನರ ಹೋರಾಟ ಎಬ್ಬಿಸಿದ ಅಲೆಯಲ್ಲೇ ಅದೂ ಬಂದದ್ದು. ನಮ್ಮ ಡಾಕ್ಟರು, ಎಂಜಿನಿಯರುಗಳು ಅಮೆರಿಕಕ್ಕೆ ಹೋದ ದಾರಿ ಅದು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಅಲ್ಲಿನ ಸಂಸತ್ತಿಗೆ ಗೆದ್ದರು. ಅಲ್ಲಿರುವ ನಮ್ಮವರು ಸೆಲ್ಮಾದ ಟೀಚರುಗಳಿಗೆ ಋಣಿಗಳು ಎಂದು ನಾನು ನಂಬಿದ್ದೇನೆ. ಈ ಮಾತನ್ನು ನಿಮ್ಮ ತಮ್ಮನಿಗೂ ಹೇಳಿ.

2013ರಲ್ಲಿ ಅಲಬಾಮಾದ ಶೆಲ್ಬಿ ಕೌಂಟಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 5-4ರ ತೀರ್ಪಿನಿಂದ ಮುಂಚಿತ ಒಪ್ಪಿಗೆಯ ವ್ಯವಸ್ಥೆಯನ್ನು ನಿಲ್ಲಿಸಿತು. ಯಾವ ಜಾಗಗಳಿಗೆ ಅದು ಅನ್ವಯ ಎಂಬ ಲೆಕ್ಕ ಹಳೆಯದಾಯಿತು ಎಂಬುದು ಕಾರಣ. ನೆನೆಯುತ್ತಿಲ್ಲ ಎಂದು ಮಳೆಯಲ್ಲಿ ಕೊಡೆ ಎಸೆದ ಹಾಗಾಯಿತು ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಭಿನ್ನಮತದಲ್ಲಿ ಬರೆದರು. ನನಗೂ ಅದೇ ಸರಿ ಎನಿಸುತ್ತದೆ. ತೀರ್ಪು ಬಂದ ದಿನವೇ ಟೆಕ್ಸಾಸ್ ತನ್ನ ಗುರುತಿನ ಚೀಟಿ ಕಾನೂನನ್ನು ಜಾರಿ ಮಾಡುತ್ತೇವೆ ಎಂದಿತು. ಬಂದೂಕಿನ ಪರವಾನಗಿ ಅದಕ್ಕೆ ನಡೆಯುತ್ತದೆ. ಕಾಲೇಜಿನ ಗುರುತಿನ ಚೀಟಿ ನಡೆಯುವುದಿಲ್ಲ.

ಹಾಗಾಗಿ ನಿಮ್ಮ ತಮ್ಮ ಕೊನೆಯ ವಾರದವರೆಗೆ ಕಾಯುವುದು ಬೇಡ. ಟೆಕ್ಸಾಸ್‌ನಲ್ಲಿ ಮತದಾನಕ್ಕೆ 30 ದಿನ ಮುಂಚೆ ಹೆಸರು ಬರೆಸಿರಬೇಕು. ಸಾಮಾನ್ಯವಾಗಿ ಕಾಗದದ ಅರ್ಜಿಗೆ ಸಹಿ ಹಾಕಿ ಕೌಂಟಿಗೆ ಕಳಿಸಬೇಕು. ಮನೆಯಲ್ಲಿ ಯಾರಿಗಾದರೂ ಇನ್ನೂ ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಅವರು ಅರ್ಜಿ ಹಾಕಲೇಬಾರದು, ದೊಡ್ಡ ತೊಂದರೆಯಾಗುತ್ತದೆ. ಅರ್ಜಿ ಒಪ್ಪಿದ ಮೇಲೆ ಅಂಚೆಯಲ್ಲಿ ಒಂದು ಕಾರ್ಡ್ ಬರುತ್ತದೆ. ನಮ್ಮವರ ಹೆಸರಲ್ಲಿ ಇನಿಷಿಯಲ್, ಅಪ್ಪನ ಹೆಸರು, ಊರಿನ ಹೆಸರು ಹಿಂದೆ ಮುಂದೆ ಆಗುವುದು ಮಾಮೂಲು. ಆ ಕಾರ್ಡಿನಲ್ಲಿರುವ ಹೆಸರೂ ಡ್ರೈವಿಂಗ್ ಲೈಸೆನ್ಸಿನ ಹೆಸರೂ ಒಂದೇ ಥರ ಇವೆಯೇ ಎಂದು ಅವತ್ತೇ ನೋಡಿಕೊಳ್ಳಲಿ. ಇಲ್ಲದಿದ್ದರೆ ಕೂಡಲೇ ಕೌಂಟಿಗೆ ಬರೆದು ಸರಿಮಾಡಿಸಲಿ.